ಅರ್ಧ ಇಂಚಿನ ಪೈಪಿನಲ್ಲಿ ಅರ್ಧ ಇಂಚು ಎಲ್ಲಿದೆ?

"ಪ್ಲಂಬರ್‌ಗಳು ಹೇಳದ ಗುಟ್ಟು! ಸೇವ್ ಮಾಡಿಟ್ಟುಕೊಳ್ಳಿ, ಎಲ್ಲ ಗ್ರೂಪಿಗೂ ಕಳಿಸಿ" ಎಂಬ ತಲೆಬರಹದ ಚಿತ್ರವೊಂದು ನಿಮ್ಮ ಫೋನಿಗೂ ಬಂದಿರಬಹುದು. ಅದರೊಳಗೆ ಇರುವುದು ಮೂರೇ ಸಾಲು. 15 ಎಂಎಂ ಎಂದರೆ ಅರ್ಧ ಇಂಚು, 20 ಎಂಎಂ ಎಂದರೆ ಮುಕ್ಕಾಲು ಇಂಚು, 25 ಎಂಎಂ ಎಂದರೆ ಒಂದು ಇಂಚು. ಇಷ್ಟು ಗೊತ್ತಿದ್ದರೆ ಮನೆಯ ಪೈಪಿನ ಕೆಲಸ ನಾವೇ ಮಾಡಿಕೊಳ್ಳಬಹುದಂತೆ. ಪ್ಲಂಬರ್ ಮೂರು ಮೂರು ಸಲ ಅಂಗಡಿಗೆ ಓಡುವುದು ಬರೀ ಕೂಲಿ ಹೆಚ್ಚಿಸಿಕೊಳ್ಳಲಂತೆ.

ಈ ಚಿತ್ರವನ್ನು ನಂಬಿ ನಾನು ಒಂದು ಭಾನುವಾರವನ್ನು ಕಳೆದುಕೊಂಡಿದ್ದೇನೆ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ನಲ್ಲಿ. ಗೋಡೆಯೊಳಗಿರುವುದು ಹಳೆಯ ಕಬ್ಬಿಣದ ಜಿಐ ಪೈಪು. ಗೋಡೆಯಿಂದ ಹೊರಗೆ ಯಾವ ಕಾಲದಲ್ಲೋ ಯಾರೋ ಪ್ಲಾಸ್ಟಿಕ್ ಪೈಪು ಜೋಡಿಸಿದ್ದರು. ಅದರ ಎಲ್ಬೋ ಬಿರುಕು ಬಿಟ್ಟಿತ್ತು. ಮಗನ ಸ್ಕೇಲ್ ಹಿಡಿದು ಪೈಪಿನ ಅಡ್ಡಗಲ ಅಳೆದೆ. ಹೆಚ್ಚುಕಡಿಮೆ 16 ಎಂಎಂ. ಚಾರ್ಟಿನ ಪ್ರಕಾರ ಅರ್ಧ ಇಂಚು. ಅಂಗಡಿಯಲ್ಲಿ "ಅರ್ಧ ಇಂಚಿನದೊಂದು ಎಲ್ಬೋ ಕೊಡಿ" ಎಂದೆ, ಕೊಟ್ಟರು. ಮನೆಗೆ ಬಂದು ಹಾಕಿ ನೋಡಿದರೆ, ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಪೈಪು ಅದರೊಳಗೆ ಅಲ್ಲಾಡುತ್ತಿತ್ತು.

ವಾಪಸ್ ಹೋದೆ. "ಯಾವ ಪೈಪು ಸಾರ್? ಸಿಪಿವಿಸಿನಾ, ಯುಪಿವಿಸಿನಾ?" ಎಂದು ಅಂಗಡಿಯವರು ಕೇಳಿದರು. "ಬಿಳೀದು" ಎಂದೆ. "ಬಿಳೀದಾ, ಕೆನೆ ಬಣ್ಣನಾ?" ಬಿಸಿಲಿಗೆ ಒಣಗಿ ಬಣ್ಣವೇ ಹೋಗಿದ್ದ ಪೈಪಿಗೆ ಯಾವ ಬಣ್ಣ ಹೇಳಲಿ? ಅವರು ಅಂದಾಜಿನ ಮೇಲೆ ಕೊಟ್ಟ ಎರಡನೆಯ ಎಲ್ಬೋ ಸರಿಯಾಗಿ ಕೂತಿತು. ಅಷ್ಟರಲ್ಲಿ ಹಳೆಯದನ್ನು ಬಿಚ್ಚುವಾಗ ಗೋಡೆಯ ಕಡೆಯ ಜೋಡಣೆಯೂ ಮುರಿದಿತ್ತು. ಅಲ್ಲಿ ಬೇಕಾದದ್ದು ಒಂದು ಕಡೆ ಗಮ್ ಹಾಕುವಂಥದ್ದು, ಇನ್ನೊಂದು ಕಡೆ ಕಬ್ಬಿಣಕ್ಕೆ ತಿರುಗಿಸುವಂಥದ್ದು. ಮೂರನೆಯ ಸಲ ಹೋದಾಗ ಅಂಗಡಿ ಮಧ್ಯಾಹ್ನದ ಊಟಕ್ಕೆ ಮುಚ್ಚಿತ್ತು. ಟ್ಯಾಂಕಿನ ವಾಲ್ವ್ ಬಂದ್ ಮಾಡಿದ್ದರಿಂದ ಮನೆಯಲ್ಲಿ ಎಲ್ಲೂ ನೀರಿಲ್ಲ. ಅಡುಗೆಮನೆಯಿಂದ ಅಮ್ಮ ಹತ್ತು ನಿಮಿಷಕ್ಕೊಮ್ಮೆ "ನೀರು ಬಂತೇನೋ?" ಎಂದು ಕೇಳುತ್ತಲೇ ಇದ್ದರು.

ಹಾಗಾದರೆ ಚಾರ್ಟ್ ಸುಳ್ಳೇ? ಪೂರ್ತಿ ಸುಳ್ಳಲ್ಲ. ಅರ್ಧ ನಿಜ, ಮತ್ತು ತೊಂದರೆ ಕೊಡುವುದು ಆ ಅರ್ಧವೇ.

ಇಂಚು ಇಲ್ಲಿ ಅಳತೆಯಲ್ಲ, ಹೆಸರು

ಮೊದಲು ಒಂದು ಸಣ್ಣ ಲೆಕ್ಕ. ಒಂದು ಇಂಚು ಎಂದರೆ 25.4 ಮಿ.ಮೀ. ಅರ್ಧ ಇಂಚು ಎಂದರೆ 12.7 ಮಿ.ಮೀ. ಚಾರ್ಟಿನಲ್ಲಿ ಅರ್ಧ ಇಂಚಿಗೆ 15 ಎಂಎಂ ಎಂದಿದೆ. ಅಲ್ಲಿಯೇ ಅನುಮಾನ ಬರಬೇಕಿತ್ತು.

ಈಗ ಒಂದು ಅರ್ಧ ಇಂಚಿನ ಜಿಐ ಪೈಪನ್ನು ತೆಗೆದುಕೊಂಡು ಸರಿಯಾಗಿ ಅಳೆಯಿರಿ. ಹೊರಗಿನ ಅಡ್ಡಗಲ ಸುಮಾರು 21.3 ಮಿ.ಮೀ. ಒಳಗಿನ ತೂತು ಮಧ್ಯಮ ದಪ್ಪದ ಪೈಪಿನಲ್ಲಿ ಸುಮಾರು 16 ಮಿ.ಮೀ. 12.7 ಎಲ್ಲೂ ಇಲ್ಲ, 15 ಕೂಡ ಇಲ್ಲ.

ಇದು ತಯಾರಕರ ಮೋಸವಲ್ಲ, ಇತಿಹಾಸದ ಪಳೆಯುಳಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿಣದ ಪೈಪುಗಳನ್ನು ಅವುಗಳ ಒಳಗಿನ ತೂತಿನ ಅಳತೆಯಿಂದಲೇ ಕರೆಯುತ್ತಿದ್ದರು. ಆಗಿನ ಪೈಪಿನ ಗೋಡೆ ಬಹಳ ದಪ್ಪ. ಮುಂದೆ ಲೋಹ ಸುಧಾರಿಸಿತು, ತೆಳ್ಳಗಿನ ಗೋಡೆಯೇ ಸಾಕಾಯಿತು. ಆದರೆ ಪೈಪುಗಳನ್ನು ಒಂದಕ್ಕೊಂದು ಜೋಡಿಸುವುದು ಹೊರಗಿನ ಮೈಮೇಲೆ ಕೊರೆದ ಥ್ರೆಡ್‌ನಿಂದ. ಹೊರ ಅಳತೆ ಬದಲಿಸಿದರೆ ಊರಲ್ಲಿರುವ ಹಳೆಯ ಜೋಡಣೆಗಳೆಲ್ಲ ವ್ಯರ್ಥ. ಹೀಗಾಗಿ ಹೊರ ಅಳತೆಯನ್ನು ಹಾಗೆಯೇ ಉಳಿಸಿಕೊಂಡು, ಗೋಡೆಯನ್ನು ಒಳಗಿನಿಂದ ತೆಳು ಮಾಡಿದರು. ತೂತು ದೊಡ್ಡದಾಯಿತು, ಹೆಸರು ಮಾತ್ರ ಅರ್ಧ ಇಂಚಾಗಿಯೇ ಉಳಿಯಿತು. ಚಿಕ್ಕಂದಿನಲ್ಲಿ ಕರೆಯುತ್ತಿದ್ದ 'ಪುಟ್ಟ' ಎಂಬ ಹೆಸರು ಆರಡಿ ಬೆಳೆದ ಮೇಲೂ ಹೋಗುವುದಿಲ್ಲವಲ್ಲ, ಹಾಗೆ.

ಇದಕ್ಕೆ ಸಾಕ್ಷಿ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಜಿಐ ಪೈಪಿನ ಮೇಲೆ ಬಣ್ಣದ ಪಟ್ಟಿ ಇರುತ್ತದೆ. ಹಳದಿ ಎಂದರೆ ಹಗುರ, ನೀಲಿ ಎಂದರೆ ಮಧ್ಯಮ, ಕೆಂಪು ಎಂದರೆ ಭಾರ. ಮೂರರ ಗೋಡೆಯ ದಪ್ಪವೂ ಬೇರೆ ಬೇರೆ, ಒಳಗಿನ ತೂತೂ ಬೇರೆ ಬೇರೆ. ಆದರೂ ಮೂರಕ್ಕೂ ಒಂದೇ ನಲ್ಲಿ ಕೂರುತ್ತದೆ, ಮೂರನ್ನೂ 'ಅರ್ಧ ಇಂಚು' ಎಂದೇ ಕರೆಯುತ್ತಾರೆ.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆ ತರುವ ಕಾನೂನು ಬಂದದ್ದು 1956ರಲ್ಲಿ. ಆಮೇಲೆ ಕಾಗದದ ಮೇಲೆ ಅರ್ಧ ಇಂಚು 15 ಎಂಎಂ ಆಯಿತು, ಮುಕ್ಕಾಲು 20 ಎಂಎಂ ಆಯಿತು. ಅದು ಹೊಸ ಅಳತೆಯಲ್ಲ, ಹಳೆಯ ಹೆಸರಿಗೆ ಕೊಟ್ಟ ಇನ್ನೊಂದು ಹೆಸರು. ಅಂಗಡಿಯ ಬಾಯಲ್ಲಿ ಇಂಚು ಉಳಿಯಿತು, ಪೈಪಿನ ಮೈಮೇಲೆ ಎಂಎಂ ಬಂತು. ನಾವು ಎರಡರ ನಡುವೆ ಸಿಕ್ಕಿಕೊಂಡೆವು.

ಮೂರು ಮನೆತನಗಳು

ಕಬ್ಬಿಣ ಒಂದೇ ಇದ್ದಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ. ಪ್ಲಾಸ್ಟಿಕ್ ಬಂದಾಗ ಒಂದೊಂದು ಬಗೆಯ ಪೈಪು ಒಂದೊಂದು ಮನೆತನದ ಅಳತೆ ಹಿಡಿಯಿತು.

ಮನೆಯ ತಣ್ಣೀರಿನ ಲೈನಿಗೆ ಹಾಕುವ ಬಿಳಿ ಯುಪಿವಿಸಿ ಕಬ್ಬಿಣದ ಮನೆತನಕ್ಕೆ ಸೇರಿದ್ದು. ಅರ್ಧ ಇಂಚು ಎಂದರೆ ಹೊರ ಅಳತೆ ಅದೇ 21.3 ಮಿ.ಮೀ.

ಬಿಸಿನೀರಿಗೂ ಆಗುವ ಕೆನೆ ಬಣ್ಣದ ಸಿಪಿವಿಸಿ ತಾಮ್ರದ ಕೊಳವೆಯ ಮನೆತನ. ತಾಮ್ರದ ಕೊಳವೆಯಲ್ಲಿ ಹೆಸರಿನ ಇಂಚಿಗೆ ಎಂಟನೆಯ ಒಂದು ಇಂಚು ಸೇರಿಸಿದರೆ ಹೊರ ಅಳತೆ ಬರುತ್ತದೆ. ಹಾಗಾಗಿ ಅರ್ಧ ಇಂಚಿನ ಸಿಪಿವಿಸಿಯ ಹೊರ ಅಳತೆ 15.9 ಮಿ.ಮೀ., ಮುಕ್ಕಾಲಿನದು 22.2, ಒಂದು ಇಂಚಿನದು 28.6. ನನ್ನ ಹಿತ್ತಲಲ್ಲಿ ಇದ್ದದ್ದು ಇದು. ನಾನು ಮೊದಲು ತಂದದ್ದು ಯುಪಿವಿಸಿಯ ಎಲ್ಬೋ. ಎರಡೂ ಅರ್ಧ ಇಂಚು, ನಡುವೆ ಐದು ಮಿಲಿಮೀಟರಿಗೂ ಹೆಚ್ಚು ಸಂದು. ಅಂದಹಾಗೆ ಈ ಸಿಪಿವಿಸಿಯ ಒಳತೂತು ಸುಮಾರು 12.4 ಮಿ.ಮೀ. ಇಲ್ಲಿ ಹೇಳುತ್ತಿರುವ ಪೈಪುಗಳಲ್ಲಿ ನಿಜವಾದ ಅರ್ಧ ಇಂಚಿನ ಹತ್ತಿರ ಬರುವುದು ಇದೊಂದೇ.

ಮೂರನೆಯದು ಮೆಟ್ರಿಕ್ ಮನೆತನ. ತೋಟಕ್ಕೆ, ಬೋರ್‌ವೆಲ್ಲಿಗೆ ಎಳೆಯುವ ಬೂದು ಬಣ್ಣದ ಪಿವಿಸಿ ಪೈಪು, ಬಿಸಿ ಮಾಡಿ ಕೂಡಿಸುವ ಪಿಪಿಆರ್ ಪೈಪು ಈ ಗುಂಪಿನವು. ಇಲ್ಲಿ ಮೈಮೇಲೆ ಬರೆದಿರುವುದು ಸಾಕ್ಷಾತ್ ಹೊರ ಅಳತೆ. 20 ಎಂಎಂ ಎಂದರೆ ಹೊರಗಿನಿಂದ 20 ಮಿ.ಮೀ. ಅಂಗಡಿಯಲ್ಲಿ ಅದನ್ನು ಕರೆಯುವುದು ಅರ್ಧ ಇಂಚು ಎಂದು!

ಚಾರ್ಟ್ ಮುರಿದುಬೀಳುವ ಜಾಗ ಇದೇ. ಸಿಪಿವಿಸಿಯ ಮೇಲೆ 20 ಎಂಎಂ ಎಂದಿದ್ದರೆ ಅದು ಮುಕ್ಕಾಲು ಇಂಚು, ಹೊರ ಅಳತೆ 22.2. ತೋಟದ ಪಿವಿಸಿಯ ಮೇಲೆ ಅದೇ 20 ಎಂಎಂ ಎಂದಿದ್ದರೆ ಅದು ಅರ್ಧ ಇಂಚು, ಹೊರ ಅಳತೆ 20. ಒಂದೇ ಅಂಕಿಗೆ ಎರಡು ಅರ್ಥ, ಎರಡು ಗಾತ್ರ. ಮೂರು ಸಾಲಿನ ಚಾರ್ಟಿಗೆ ಇದು ಹೇಗೆ ಹಿಡಿಸೀತು?

ರೈತರಿಗೆ ಇದು ಹೊಸದಲ್ಲ. ಅವರು 63 ಎಂಎಂ ಪೈಪನ್ನು ಎರಡು ಇಂಚು ಎನ್ನುತ್ತಾರೆ, 75ನ್ನು ಎರಡೂವರೆ, 90ನ್ನು ಮೂರು, 110ನ್ನು ನಾಲ್ಕು ಇಂಚು ಎನ್ನುತ್ತಾರೆ. ಗುಣಿಸಿ ನೋಡಿದರೆ ಯಾವುದೂ ತಾಳೆಯಾಗುವುದಿಲ್ಲ. ಆದರೆ ಅವರು ಗುಣಿಸಲು ಹೋಗುವುದಿಲ್ಲ, ಹೆಸರನ್ನು ಹೆಸರಾಗಿಯೇ ತೆಗೆದುಕೊಳ್ಳುತ್ತಾರೆ. ಎಡವುವವರು ಸ್ಕೇಲ್ ಹಿಡಿದ ನಮ್ಮಂಥವರು.

ಮೂರು ಸುತ್ತು ಹೋಗಿ ನಿಂತುಬಿಡುವ ಥ್ರೆಡ್

ಗಮ್ ಹಾಕುವ ಕಡೆ ಗಾತ್ರ ತಪ್ಪಿದರೆ ಕಣ್ಣಿಗೇ ಕಾಣುತ್ತದೆ. ತಿರುಗಿಸುವ ಕಡೆ ತಪ್ಪಿದರೆ ಕಾಣುವುದಿಲ್ಲ, ಅದಕ್ಕೇ ಅಪಾಯ ಹೆಚ್ಚು.

ಅಮೆರಿಕದಿಂದ ರಜೆಗೆ ಬರುವ ಮಕ್ಕಳು ಅಪ್ಪ ಅಮ್ಮನಿಗೆಂದು ಒಳ್ಳೆಯ ಶವರ್ ಹೆಡ್ ತರುವುದುಂಟು. ಪೆಟ್ಟಿಗೆಯ ಮೇಲೆ ಅರ್ಧ ಇಂಚು ಎಂದಿರುತ್ತದೆ. ನಮ್ಮ ಬಚ್ಚಲಿನ ಪೈಪೂ ಅರ್ಧ ಇಂಚು. ತಿರುಗಿಸಿದರೆ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಕೂತಿತು ಎಂದುಕೊಂಡು ನೀರು ಬಿಟ್ಟರೆ ಕುತ್ತಿಗೆಯ ಹತ್ತಿರ ಜಿನುಗುತ್ತದೆ. ಪಾನಾ ಹಾಕಿ ಇನ್ನೊಂದು ಸುತ್ತು ಎಳೆದರೆ ಥ್ರೆಡ್ ಕೆಡುತ್ತದೆ, ಇಲ್ಲವೇ ಶವರಿನ ಕುತ್ತಿಗೆ ಸೀಳುತ್ತದೆ.

ಕಾರಣ ಮತ್ತೆ ಹತ್ತೊಂಬತ್ತನೆಯ ಶತಮಾನದ್ದು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ ಒಂದೇ ನಿಯಮ ಇರಲಿ ಎಂದು ಸೂಚಿಸಿದಾಗ ಹಲ್ಲಿನ ಕೋನ 55 ಡಿಗ್ರಿ ಎಂದ. ಬ್ರಿಟಿಷ್ ಪೈಪ್ ಥ್ರೆಡ್ ಅದನ್ನೇ ಹಿಡಿಯಿತು, ನಮ್ಮ ದೇಶದಲ್ಲಿ ಇವತ್ತಿಗೂ ಅದೇ ಇದೆ. ಅಮೆರಿಕದವರು 60 ಡಿಗ್ರಿ ಹಿಡಿದರು. ಅಲ್ಲಿನ ಪೈಪ್ ಥ್ರೆಡ್ ರೂಪಿಸಿದವನು ಫಿಲಡೆಲ್ಫಿಯದ ರಾಬರ್ಟ್ ಬ್ರಿಗ್ಸ್. 1886ರಲ್ಲಿ ಆ ದೇಶದ ತಯಾರಕರು ಅದನ್ನು ಒಪ್ಪಿಕೊಂಡರು. ವಿಚಿತ್ರವೆಂದರೆ ಅರ್ಧ ಇಂಚು, ಮುಕ್ಕಾಲು ಇಂಚು ಎರಡರಲ್ಲೂ ಇಬ್ಬರದೂ ಇಂಚಿಗೆ 14 ಹಲ್ಲು. ಹಾಗಾಗಿಯೇ ಮೊದಲ ಕೆಲವು ಸುತ್ತು ಮೋಸದಂತೆ ಒಳಗೆ ಹೋಗುವುದು. ಹಲ್ಲಿನ ಸಂಖ್ಯೆ ಒಂದೇ ಆದರೂ ಆಕಾರ ಬೇರೆ, ಗಾತ್ರದಲ್ಲೂ ಸ್ವಲ್ಪ ವ್ಯತ್ಯಾಸ. ಹಲ್ಲುಗಳ ನಡುವೆ ಉಳಿಯುವ ಸುರುಳಿ ದಾರಿಯಲ್ಲಿ ನೀರು ಹೊರಗೆ ಬರುತ್ತದೆ. ಇದಕ್ಕೆಂದೇ ಒಂದು ಕಡೆ ಅಮೆರಿಕದ, ಇನ್ನೊಂದು ಕಡೆ ಬ್ರಿಟಿಷ್ ಥ್ರೆಡ್ ಇರುವ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ. ಅದನ್ನು ಹಾಕಿದರೆ ಮಾತ್ರ ಆ ಶವರ್ ನಮ್ಮ ಬಚ್ಚಲಿಗೆ ಒಗ್ಗುತ್ತದೆ.

ಬೆಂಗಳೂರಿನವರಿಗೆ ಇನ್ನೊಂದು ಉದಾಹರಣೆ ನೆನಪಿರಬಹುದು. 2024ರ ಮಾರ್ಚ್‌ನಲ್ಲಿ ನೀರಿನ ಬರ ತೀವ್ರವಾದಾಗ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಹಾಕಿಸಬೇಕೆಂದು ಜಲಮಂಡಳಿ ಆದೇಶಿಸಿತು. ಮನೆಗಳಿಗೂ ತಂದು ಹಾಕಲು ಹೊರಟರೆ ಅಲ್ಲೂ ಗಾತ್ರದ ಜಗಳ. ಸಾಮಾನ್ಯವಾಗಿ ಏರೇಟರಿನ ಹೊರಮೈಯಲ್ಲಿ ಥ್ರೆಡ್ ಇದ್ದರೆ ಅದು 24 ಎಂಎಂ, ಒಳಮೈಯಲ್ಲಿದ್ದರೆ 22 ಎಂಎಂ. ಕೊಳ್ಳುವ ಮೊದಲು ನಿಮ್ಮ ನಲ್ಲಿಯ ಮೂತಿಯಲ್ಲಿ ಥ್ರೆಡ್ ಒಳಗಿದೆಯೋ ಹೊರಗಿದೆಯೋ ನೋಡಿಕೊಳ್ಳಿ. ನಲ್ಲಿಯಲ್ಲಿ ಒಳಗಿದ್ದರೆ ಏರೇಟರಿನಲ್ಲಿ ಹೊರಗಿರಬೇಕು. ಹಳೆಯ ಹಿತ್ತಾಳೆ ನಲ್ಲಿಗಳ ಮೂತಿ ಎಷ್ಟೋ ಸಲ ನುಣ್ಣಗಿರುತ್ತದೆ, ಅದಕ್ಕೆ ಥ್ರೆಡ್ಡಿನ ಏರೇಟರ್ ಕೂರುವುದೇ ಇಲ್ಲ.

ವಾಷಿಂಗ್ ಮಶೀನಿನ ಕಥೆ ಹೇಳದಿದ್ದರೆ ತಪ್ಪಾದೀತು. ಮಶೀನಿನ ನೀರಿನ ಕೊಳವೆ ಮುಕ್ಕಾಲು ಇಂಚಿನ ಥ್ರೆಡ್‌ನದು. ನಮ್ಮ ಮಾಮೂಲಿ ನಲ್ಲಿಯ ಮೂತಿಗೆ ಥ್ರೆಡ್ಡೇ ಇಲ್ಲ. ಈ ಎರಡನ್ನು ಕೂಡಿಸಲು ನಾಲ್ಕು ಸ್ಕ್ರೂ ಇರುವ ಒಂದು ಅಡಾಪ್ಟರ್ ಬರುತ್ತದಲ್ಲ, ಅದು ನಲ್ಲಿಯ ಮೂತಿಯನ್ನು ನಾಲ್ಕು ಕಡೆಯಿಂದ ಒತ್ತಿ ಹಿಡಿದಿರುತ್ತದೆ ಅಷ್ಟೆ. ಮಶೀನು ನೀರು ಸಾಕೆಂದು ಒಳಗಿನ ವಾಲ್ವನ್ನು ಥಟ್ಟನೆ ಮುಚ್ಚಿದಾಗ ಹರಿಯುತ್ತಿದ್ದ ನೀರು ಒಮ್ಮೆಗೇ ನಿಂತು ಹಿಂದಕ್ಕೆ ಗುದ್ದುತ್ತದೆ. ಪೈಪಿನಲ್ಲಿ 'ಟಕ್' ಎಂಬ ಸದ್ದು ಬರುವುದು ಅದರಿಂದಲೇ. ದಿನಕ್ಕೆ ಹತ್ತಾರು ಸಲ ಹೀಗೆ ಗುದ್ದಿಸಿಕೊಂಡು ಸ್ಕ್ರೂ ಸಡಿಲವಾಗುತ್ತದೆ. ನಮ್ಮ ಚಿಕ್ಕಮ್ಮ ಮಶೀನ್ ಹಾಕಿ ಮದುವೆಮನೆಗೆ ಹೋಗಿ ಬರುವಷ್ಟರಲ್ಲಿ ಆ ಅಡಾಪ್ಟರ್ ಕಳಚಿ, ನೀರು ಹಾಲ್ ದಾಟಿ ಕೆಳಗಿನ ಮನೆಯವರ ಸೀಲಿಂಗ್ ಮುಟ್ಟಿತ್ತು. ಮುಕ್ಕಾಲು ಇಂಚಿನ ಥ್ರೆಡ್ ಮೂತಿಯ ವಾಷಿಂಗ್ ಮಶೀನ್ ನಲ್ಲಿ ಎಂದೇ ಬೇರೆ ಸಿಗುತ್ತದೆ. ಹಾಕಿಸಲು ಅರ್ಧ ಗಂಟೆ ಸಾಕು. ಇನ್ನೂ ನಾಲ್ಕು ಸ್ಕ್ರೂ ನಂಬಿಕೊಂಡಿದ್ದರೆ, ಕಡೇಪಕ್ಷ ಮಶೀನು ಓಡದಿರುವಾಗ ನಲ್ಲಿ ಮುಚ್ಚಿಡಿ.

ಆ ವಿಡಿಯೋಗಳು ನಿಜವೇ?

ಗಾತ್ರ ಹೊಂದದ ಪೈಪುಗಳನ್ನು ಕೂಡಿಸುವ 'ಐಡಿಯಾ' ವಿಡಿಯೋಗಳು ಲೆಕ್ಕವಿಲ್ಲದಷ್ಟಿವೆ. ಹೆಚ್ಚು ಓಡುವುದು ನೀರಿನ ಬಾಟಲಿಯದು. ಬಾಟಲಿಯ ಎರಡೂ ತುದಿ ಕತ್ತರಿಸಿ, ದಪ್ಪ ಪೈಪು ಮತ್ತು ಸಣ್ಣ ಪೈಪಿನ ಮೇಲೆ ಏರಿಸಿ, ಬಿಸಿಗಾಳಿ ಹಿಡಿಯುತ್ತಾರೆ. ಬಾಟಲಿ ಸುಕ್ಕಿ ಎರಡನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ನೋಡಲು ಚೆಂದ. ಇದು ಕ್ಯಾಮೆರಾ ಕೈಚಳಕವೂ ಅಲ್ಲ. ಬಾಟಲಿಯನ್ನು ಮಾಡುವಾಗ ಪುಟ್ಟ ದಪ್ಪ ಕೊಳವೆಯೊಂದನ್ನು ಬಿಸಿ ಮಾಡಿ, ಎಳೆದು, ಊದಿ, ಹಿಗ್ಗಿದ ಸ್ಥಿತಿಯಲ್ಲೇ ತಣಿಸಿರುತ್ತಾರೆ. ಮತ್ತೆ 75 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿದರೆ ಆ ಪ್ಲಾಸ್ಟಿಕ್ ತನ್ನ ಹಳೆಯ ಕುಗ್ಗಿದ ಸ್ಥಿತಿಗೆ ಮರಳಲು ನೋಡುತ್ತದೆ.

ಆದರೆ ಅಲ್ಲಿ ಆಗುವುದು ಅಪ್ಪುಗೆ ಮಾತ್ರ, ಬೆಸುಗೆ ಅಲ್ಲ. ಪೈಪಿನೊಳಗಿನ ನೀರು ಜೋಡಣೆಯನ್ನು ಸದಾ ಹೊರಗೆ ತಳ್ಳುತ್ತಿರುತ್ತದೆ. ಟ್ಯಾಂಕು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. 21.3 ಎಂಎಂ ಪೈಪಿನ ಬಾಯಿಯ ಮೇಲೆ ಇದು ಸುಮಾರು ಮೂರೂವರೆ ಕೆಜಿ ಆಗುತ್ತದೆ. ಬಾಟಲಿಯ ತುಂಡಿಗೆ ಹಗಲೂ ರಾತ್ರಿ ಮೂರೂವರೆ ಕೆಜಿ ಅಕ್ಕಿಚೀಲ ನೇತುಹಾಕಿದ ಹಾಗೆ. ಬಿಸಿನೀರಿನ ಲೈನಾದರೆ ಗೀಸರ್ ಅಥವಾ ಸೋಲಾರ್ ನೀರೇ ಅದನ್ನು ಮತ್ತೆ ಮೆತ್ತಗಾಗಿಸುತ್ತದೆ. ಸಿಂಕಿನ ಕೆಳಗೆ ಒತ್ತಡವಿಲ್ಲದೆ ಹರಿದುಹೋಗುವ ಕೊಳೆನೀರಿಗೆ ಪ್ಲಂಬರ್ ಬರುವ ತನಕ ನಡೆದೀತು. ಟ್ಯಾಂಕಿನ ಲೈನಿಗೆ ಬೇಡ.

ಪೈಪನ್ನೇ ಒಲೆಯ ಮೇಲೆ ಬಿಸಿ ಮಾಡಿ ಅಗಲಿಸುವುದು ಎರಡನೆಯ ಉಪಾಯ. ತೋಟಗಳಲ್ಲಿ ದಪ್ಪ ಪಿವಿಸಿ ಪೈಪಿಗೆ ಇದು ಹಳೆಯ ರೂಢಿ. ಕಡಿಮೆ ಒತ್ತಡದಲ್ಲಿ, ಕಣ್ಣೆದುರಿನ ಲೈನಿನಲ್ಲಿ ಹೇಗೋ ನಡೆಯುತ್ತದೆ. ಆದರೆ ಹಿಗ್ಗಿಸಿದ ಕಡೆ ಗೋಡೆ ತೆಳುವಾಗುತ್ತದೆ, ಅದೇ ಪೈಪು ಸಿಮೆಂಟಿನೊಳಗೆ ಹೋದರೆ ಒಡೆದಾಗ ಗೋಡೆಯನ್ನೇ ಒಡೆಯಬೇಕು. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಅದು ಕಣ್ಣು, ಗಂಟಲು ಸುಡುವ ಅನಿಲ. ಅಡುಗೆಮನೆಯ ಒಲೆಯ ಮೇಲಂತೂ ಈ ಕೆಲಸ ಬೇಡವೇ ಬೇಡ.

ಮೂರನೆಯದು ಟೇಪು. "ಲೂಸಾಗಿದ್ದರೆ ಇನ್ನೂ ಹತ್ತು ಸುತ್ತು ಟೆಫ್ಲಾನ್ ಸುತ್ತಿ." ಟೆಫ್ಲಾನ್ ಟೇಪಿನ ಕೆಲಸ ಸರಿಯಾಗಿ ಹೊಂದುವ ಎರಡು ಥ್ರೆಡ್‌ಗಳ ನಡುವಿನ ಕೂದಲೆಳೆಯ ಸಂದು ತುಂಬುವುದು, ಜೊತೆಗೆ ಜಾರಿಕೆ ಕೊಡುವುದು. ಗಾತ್ರದ ತಪ್ಪನ್ನು ಅದು ತಿದ್ದುವುದಿಲ್ಲ. ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ದಪ್ಪಗೆ ಟೇಪು ಸುತ್ತಿದ ಲೋಹದ ನಿಪ್ಪಲ್ ತುರುಕಿದರೆ, ಬೆಣೆ ಹೊಡೆದ ಸೌದೆಯ ಹಾಗೆ ಸಾಕೆಟ್ ಸೀಳುತ್ತದೆ. ಅದೂ ಆ ಕ್ಷಣವೇ ಅಲ್ಲ, ಎಷ್ಟೋ ದಿನ ಬಿಟ್ಟು, ನೀವು ಊರಲ್ಲಿಲ್ಲದಾಗ!

ಗಮ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಪೈಪಿನ ಗಮ್ ಅಂಟಲ್ಲ, ಅದು ದ್ರಾವಕ. ಪೈಪಿನ ಹೊರಮೈ ಮತ್ತು ಫಿಟಿಂಗಿನ ಒಳಮೈ ಎರಡನ್ನೂ ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ಮೈಗೆ ಮೈ ತಾಗಿದರೆ ಮಾತ್ರ ಒಂದಾಗಲು ಸಾಧ್ಯ. ಸಂದಿಗೆ ಗಮ್ ಸುರಿದರೆ ಅದು ಒಣಗಿ ಗುಳ್ಳೆ ಗುಳ್ಳೆಯ ಪದರವಾಗುತ್ತದೆ ಅಷ್ಟೆ. ಸಿಪಿವಿಸಿಗೆ ಸಿಪಿವಿಸಿಯ ಗಮ್ಮೇ ಬೇಕು ಎನ್ನುವುದೂ ಇದಕ್ಕೇ. ಕರಗಿಸಬೇಕಾದ ಪ್ಲಾಸ್ಟಿಕ್ ಬೇರೆ.

ಸಣ್ಣ ಪೈಪು ಹಾಕಿದರೆ ಪ್ರೆಶರ್ ಹೆಚ್ಚುತ್ತದೆಯೇ?

ಗಾತ್ರದ ಮಾತು ಬಂದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಗಿಡಕ್ಕೆ ನೀರು ಬಿಡುವಾಗ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ. ಹಾಗಾಗಿ ಲೈನೇ ಸಣ್ಣದಾಗಿದ್ದರೆ ಶವರ್ ಜೋರಾಗಿ ಬರುತ್ತದೆ ಎಂಬ ತರ್ಕ.

ಹೆಬ್ಬೆರಳು ಒತ್ತಿ ಬಕೆಟ್ ತುಂಬಿಸಿ ನೋಡಿ. ಚಿಮ್ಮುವುದು ಜೋರು, ತುಂಬುವುದು ನಿಧಾನ. ಬಾಯಿ ಕಿರಿದಾದಾಗ ಒಟ್ಟು ಹರಿವು ಕಡಿಮೆಯಾಗುತ್ತದೆ. ಹರಿವು ಕಡಿಮೆಯಾದರೆ ಹಿಂದಿನ ಕೊಳವೆಯಲ್ಲಿ ಉಜ್ಜಾಟದಿಂದ ಕಳೆದುಹೋಗುವ ಒತ್ತಡವೂ ಕಡಿಮೆ. ಆ ಉಳಿದ ಒತ್ತಡ ಬಾಯಿಯ ಹತ್ತಿರ ವೇಗವಾಗಿ ಹೊರಬರುತ್ತದೆ. ಇದು ನಡೆಯಲು ಹಿಂದಿನ ಕೊಳವೆ ದೊಡ್ಡದಿರಬೇಕು. ಕೊಳವೆಯೇ ಉದ್ದಕ್ಕೂ ಸಣ್ಣದಾದರೆ ಒತ್ತಡವೆಲ್ಲ ದಾರಿಯಲ್ಲೇ ಖರ್ಚಾಗುತ್ತದೆ.

ಎಷ್ಟು ಖರ್ಚು? ಅಷ್ಟೇ ನೀರು ಹರಿಸಬೇಕೆಂದರೆ, ಉಜ್ಜಾಟದ ನಷ್ಟ ಒಳತೂತಿನ ಐದನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಗಣಿತ ಬಿಡಿ, ಫಲ ನೋಡಿ. ಮುಕ್ಕಾಲು ಇಂಚಿನ ಸಿಪಿವಿಸಿಯ ಒಳತೂತು ಸುಮಾರು 18.2 ಮಿ.ಮೀ., ಅರ್ಧ ಇಂಚಿನದು 12.4. ಅದೇ ನೀರಿಗೆ ಸಣ್ಣ ಪೈಪಿನಲ್ಲಿ ನಷ್ಟ ಸುಮಾರು ಏಳು ಪಟ್ಟು.

ಹಳೆಯ ಮನೆ ರಿಪೇರಿ ಮಾಡಿಸುವವರು ಇದನ್ನು ಗಮನಿಸಬೇಕು. "ಅರ್ಧ ಇಂಚಿನ ಜಿಐ ಇತ್ತು, ಅರ್ಧ ಇಂಚಿನ ಸಿಪಿವಿಸಿ ಹಾಕಿಸಿದೆವು, ನೀರು ನಿಧಾನವಾಯಿತು, ಪ್ಲಂಬರ್ ಮೋಸ ಮಾಡಿದ" ಎನ್ನುವವರನ್ನು ಕೇಳಿದ್ದೇನೆ. ಹೆಸರು ಒಂದೇ ಇರಲಿ, 16 ಮಿ.ಮೀ. ತೂತಿನ ಜಾಗಕ್ಕೆ 12.4 ಮಿ.ಮೀ. ಬಂದಿದೆ. ನೀರು ಹಾಯುವ ಜಾಗ ಸುಮಾರು ಶೇ 40ರಷ್ಟು ಕಡಿಮೆ. ಹಳೆಯ ಜಿಐ ಒಳಗೆ ತುಕ್ಕು ಕಟ್ಟಿ ಕಿರಿದಾಗಿದ್ದರೆ ವ್ಯತ್ಯಾಸ ಗೊತ್ತಾಗದಿರಬಹುದು, ಹೊಸದೇ ವಾಸಿ ಎನ್ನಿಸಲೂಬಹುದು. ಆದರೆ ಟ್ಯಾಂಕು ಬಚ್ಚಲಿನಿಂದ ಎರಡು ಮೂರು ಮೀಟರ್ ಮಾತ್ರ ಮೇಲಿರುವ ಒಂದಂತಸ್ತಿನ ಮನೆಯಲ್ಲಿ ಕಳೆದುಕೊಳ್ಳಲು ಒತ್ತಡವೇ ಇರುವುದಿಲ್ಲ. ಅಂಥಲ್ಲಿ ಮುಖ್ಯ ಲೈನನ್ನು ಒಂದು ಇಂಚು ಅಥವಾ ಮುಕ್ಕಾಲಿನಲ್ಲಿ ತಂದು, ನಲ್ಲಿಯ ಹತ್ತಿರ ಮಾತ್ರ ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು. ಪ್ಲಂಬರ್ ರೆಡ್ಯೂಸರ್ ಕೇಳಿದರೆ ದುಡ್ಡು ಮಾಡಲು ಎಂದುಕೊಳ್ಳಬೇಡಿ.

ಒಂದು ದಾರ, ಎರಡು ಫೋಟೊ

ಅಂಗಡಿಗೆ ಹೋಗುವ ಮೊದಲು ಮಾಡಬೇಕಾದದ್ದು ಕಡಿಮೆ. ಮುರಿದ ತುಂಡು ಕೈಗೆ ಬಂದರೆ ಅದನ್ನೇ ಚೀಲಕ್ಕೆ ಹಾಕಿಕೊಳ್ಳಿ, ಇದಕ್ಕಿಂತ ಒಳ್ಳೆಯ ಚಾರ್ಟ್ ಇಲ್ಲ. ಬರದಿದ್ದರೆ ಪೈಪಿನ ಮೇಲಿನ ಮುದ್ರಿತ ಸಾಲಿನ ಫೋಟೊ ತೆಗೆಯಿರಿ. ಐಎಸ್ 15778 ಎಂದಿದ್ದರೆ ಸಿಪಿವಿಸಿ, ಐಎಸ್ 4985 ಎಂದಿದ್ದರೆ ಮೆಟ್ರಿಕ್ ಮನೆತನದ ಪಿವಿಸಿ, ಐಎಸ್ 13592 ಎಂದಿದ್ದರೆ ಕೊಳೆನೀರು ಮತ್ತು ಮಳೆನೀರಿನ ಪೈಪು. ಬಣ್ಣವನ್ನು ಪೂರ್ತಿ ನಂಬಬೇಡಿ, ನನ್ನ ಹಿತ್ತಲಿನ ಬಿಸಿಲು ನೆನಪಿರಲಿ. ಎರಡನೆಯ ಫೋಟೊ ಜೋಡಣೆ ಪೂರ್ತಿ ಕಾಣುವಂತೆ, ಎರಡೂ ತುದಿ ಸೇರಿಸಿ ತೆಗೆಯಿರಿ. ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎನ್ನುವುದು ಅಂಗಡಿಯವರಿಗೆ ಆಗ ಗೊತ್ತಾಗುತ್ತದೆ.

ಅಕ್ಷರ ಅಳಿಸಿಹೋಗಿದ್ದರೆ ಒಂದು ದಾರ ತೆಗೆದುಕೊಂಡು ಪೈಪಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ಸೇರುವ ಜಾಗದಲ್ಲಿ ಗುರುತು ಹಾಕಿ, ಬಿಡಿಸಿ ಅಳೆಯಿರಿ. ಅಡ್ಡಗಲವನ್ನು ಸ್ಕೇಲಿನಲ್ಲಿ ಹಿಡಿಯುವುದಕ್ಕಿಂತ ಇದು ಎಷ್ಟೋ ನಿಖರ, ಯಾಕೆಂದರೆ ಅಡ್ಡಗಲದ ವ್ಯತ್ಯಾಸ ಸುತ್ತಳತೆಯಲ್ಲಿ ಮೂರು ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ.

ದಾರ 50 ಮಿ.ಮೀ. ಬಂದರೆ ಅರ್ಧ ಇಂಚಿನ ಸಿಪಿವಿಸಿ.
63 ಬಂದರೆ 20 ಎಂಎಂ ಪಿವಿಸಿ ಅಥವಾ ಪಿಪಿಆರ್.
67 ಬಂದರೆ ಅರ್ಧ ಇಂಚಿನ ಜಿಐ ಅಥವಾ ಯುಪಿವಿಸಿ.
70 ಬಂದರೆ ಮುಕ್ಕಾಲು ಇಂಚಿನ ಸಿಪಿವಿಸಿ.
84 ಬಂದರೆ ಮುಕ್ಕಾಲು ಇಂಚಿನ ಜಿಐ ಅಥವಾ ಯುಪಿವಿಸಿ.
90 ಬಂದರೆ ಒಂದು ಇಂಚಿನ ಸಿಪಿವಿಸಿ.

ಫಾರ್ವರ್ಡ್ ಮಾಡಲೇಬೇಕಿದ್ದರೆ ಆ ಮೂರು ಸಾಲಿನ ಬದಲು ಈ ಆರು ಸಾಲು ಕಳಿಸಿ.

ಬೇರೆ ಬೇರೆ ಮನೆತನದ ಪೈಪುಗಳನ್ನು ಕೂಡಿಸಬೇಕಾದರೆ ದಾರಿ ಒಂದೇ, ಎರಡರ ನಡುವೆ ಥ್ರೆಡ್ ತರುವುದು. ಕಬ್ಬಿಣದಿಂದ ಸಿಪಿವಿಸಿಗೆ ಬರುವಾಗ ಹಿತ್ತಾಳೆ ಥ್ರೆಡ್‌ನ ಅಡಾಪ್ಟರ್ ಕೇಳಿ. ಅಂಗಡಿಯವರು ಅದನ್ನು ಎಂಟಿಎ, ಎಫ್‌ಟಿಎ ಎನ್ನುತ್ತಾರೆ. ಥ್ರೆಡ್ ಹೊರಗಿದ್ದರೆ ಎಂಟಿಎ, ಒಳಗಿದ್ದರೆ ಎಫ್‌ಟಿಎ. ಗೋಡೆಯಲ್ಲಿರುವ ಜಿಐ ಸಾಕೆಟ್ಟಿಗೆ ಬೇಕಾದದ್ದು ಎಂಟಿಎ. ನನ್ನ ಮೂರನೆಯ ಓಟ ಇದಕ್ಕಾಗಿತ್ತು.

ಸಂಜೆ ನಾಲ್ಕೂವರೆಗೆ ಅಂಗಡಿ ತೆರೆಯಿತು. ಜೋಡಿಸಿ, ಗಮ್ ಒಣಗಲು ಬಿಟ್ಟು, ವಾಲ್ವ್ ತೆಗೆದಾಗ ಏಳಾಗಿತ್ತು. ಮೊದಲು ತಂದ ದೊಡ್ಡ ಎಲ್ಬೋವನ್ನು ಅಂಗಡಿಯವರು ಮಾತಾಡದೆ ವಾಪಸ್ ತೆಗೆದುಕೊಂಡರು. ಗಮ್ ಹಚ್ಚಿರಲಿಲ್ಲವಲ್ಲ, ಹಾಗಾಗಿ. ಹಚ್ಚಿದ್ದರೆ ಅದು ಅಟ್ಟದ ಮೇಲಿನ ಬಿಸ್ಕತ್ ಡಬ್ಬಿಗೆ, ನನ್ನ ಅಪ್ಪನ ಕಾಲದಿಂದ ಕೂಡಿಟ್ಟಿರುವ ಎಲ್ಲಿಗೂ ಹೊಂದದ ಫಿಟಿಂಗುಗಳ ಜೊತೆಗೆ ಸೇರುತ್ತಿತ್ತು.